ತಪ್ಪು ಕಾಣಿಕೆ ಕಟ್ಟುವವರು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಮನುಷ್ಯ ದೇವರಾಗುವುದು ಹೊಸ ಸಂಗತಿಯಲ್ಲ. ಮ್ಯಾಸಬೇಡರ ಗಾದ್ರಿ ಪಾಲನಾಯಕ, ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪ ಇವರೆಲ್ಲ ದನ ಕಾಯುತ್ತ ಬದುಕಿ, ಕಾಲಾನಂತರ ಗುಡಿಕಟ್ಟಿನ ದೇವರಾದವರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇಂದಿಗೂ ನೆನೆಯುವುದು ಕೆರೆ ಕಟ್ಟಿಸಿದ ಪುಣ್ಯಾತ್ಮ ಎಂದೇ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಇಂಥ ವೀರರ ಕಥನಗಳನ್ನು ಸಾವಿರಾರು ಸಾಲುಗಳಲ್ಲಿ ಹಾಡುತ್ತಿದ್ದರು. ಅಕ್ಷರ ಕಲಿಯದ ಆ ತಾಯಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅವರ ಹೆಸರಿನಲ್ಲಿ ಒಂದು ಕಟೌಟ್ ಎದ್ದದ್ದಿಲ್ಲ.

ಈ ಬಯಲಿನಲ್ಲಿ ದೇವರ ಎತ್ತುಗಳ ಹಿಂಡು ಈಗಲೂ ಇದೆ. ಅವನ್ನು ನೊಗಕ್ಕೆ ಹೂಡುವಂತಿಲ್ಲ, ಮಾರುವಂತಿಲ್ಲ. ಅವನ್ನು ಕಾಯುವ ಕಿಲಾರಿ ದಿನವಿಡೀ ಅವುಗಳ ಹಿಂದೆ ನಡೆಯುತ್ತಾನೆ. ಬರ ಬಿದ್ದರೆ ಮೇವಿಗಾಗಿ ಅಲೆಯುವವನೂ ಅವನೇ. ಇಲ್ಲಿನ ಆರಾಧನೆಯಲ್ಲಿ ಹಾಡು, ಹರಕೆ, ಜಾತ್ರೆ ಇದ್ದಂತೆ ಕಟ್ಟಳೆಯೂ ಇತ್ತು. ಮ್ಯಾಸಬೇಡರಲ್ಲಿ ಕೋಳಿ ಮುಟ್ಟಬಾರದು, ಹೆಂಡ ಕುಡಿಯಬಾರದು, ಈಚಲು ಚಾಪೆಯ ಮೇಲೆ ಕೂರಬಾರದು ಎಂಬಂಥ ಹಳೆಯ ನಿಯಮಗಳು. ಮುರಿದವರ ನ್ಯಾಯ ಕುಲದ ಯಜಮಾನರು ಸೇರುವ ಕಟ್ಟೆಮನೆಯಲ್ಲಿ ತೀರ್ಮಾನವಾಗುತ್ತಿತ್ತು. ತಪ್ಪು ದೊಡ್ಡದಾದರೆ ಕುಲದಿಂದ ಹೊರಗಿಡುತ್ತಿದ್ದರು. ಹೊರಬಿದ್ದವನ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ, ಹೆಣ್ಣು ಕೊಟ್ಟು ತರುವಂತಿಲ್ಲ. ಆದರೆ ದಂಡ ಕಟ್ಟಿ, ದೇವರ ಮುಂದೆ ತಪ್ಪು ಕಾಣಿಕೆ ಇಟ್ಟು, ಮತ್ತೆ ಪಂಕ್ತಿಗೆ ಬಂದು ಕೂರುವ ದಾರಿಯೂ ಅದೇ ಕಟ್ಟೆಮನೆಯಲ್ಲಿತ್ತು.

ಇದನ್ನು ಸುವರ್ಣ ಯುಗವೆಂದು ಹೊಗಳಬೇಕಾಗಿಲ್ಲ. ಹೊರಗಿಡುವ ಪದ್ಧತಿಯ ಅತಿ ಭಾರದ ಕೊನೆ ಯಾವಾಗಲೂ ಹೆಂಗಸರ ತಲೆಯ ಮೇಲಿತ್ತು. ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಗೊಲ್ಲರಹಟ್ಟಿಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರಾಚೆಯ ಗುಡಿಸಲಿನಲ್ಲಿ ಇರಿಸಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ಯಾರದೋ ಶುದ್ಧಿಯನ್ನು ಕಾಯಲು ತಪ್ಪೇ ಮಾಡದ ಇನ್ನಾರೋ ಹೊರಗೆ ನಿಲ್ಲಬೇಕಾಯಿತು. ಮಹಾರಾಷ್ಟ್ರ ಸಾಮಾಜಿಕ ಬಹಿಷ್ಕಾರದ ವಿರುದ್ಧ 2016ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದದ್ದು ಕುಲದಿಂದ ಹೊರಗಿಡುವ ಪದ್ಧತಿಯ ಅನುಭವಗಳಿಂದಲೇ.

ಈಗ ಬಹಿಷ್ಕಾರ ಮೊಬೈಲಿಗೆ ಬಂದಿದೆ. ಇಂಗ್ಲಿಷ್ ಪತ್ರಿಕೆಗಳು ಅದನ್ನು ಕ್ಯಾನ್ಸಲ್ ಕಲ್ಚರ್ ಎಂದು ಕರೆದು, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ವರ್ಷಗಟ್ಟಲೆ ಚರ್ಚಿಸಿವೆ. ಅಮೆರಿಕದಲ್ಲಿ 2017ರ ಮೀಟೂ ಚಳವಳಿಯ ಕಾಲಕ್ಕೆ ಅದರ ಗುರಿ ಬಹುಮಟ್ಟಿಗೆ ಸ್ಪಷ್ಟವಾಗಿತ್ತು. ಹಾಲಿವುಡ್ಡಿನ ಹಾರ್ವೆ ವೈನ್‌ಸ್ಟೀನ್‌ನಂಥ ಪ್ರಬಲರು ಕೆಳಗಿಳಿದರು, ಕೋರ್ಟಿನ ಕಟಕಟೆಗೂ ಬಂದರು. ಕರ್ನಾಟಕದಲ್ಲಿ ನಡೆದದ್ದನ್ನು ಒಂದೊಂದಾಗಿ ನೋಡುತ್ತ ಹೋದರೆ ಬೇರೆಯದೇ ಚಿತ್ರ ಕಾಣುತ್ತದೆ. ಇಲ್ಲಿ ಬಹಿಷ್ಕಾರದ ಪೆಟ್ಟು ಆರಾಧ್ಯ ಪುರುಷನಿಗೆ ಬೀಳುವುದು ಬಲು ಅಪರೂಪ. ಬೀಳುವುದು ಅವನ ಪಕ್ಕದಲ್ಲಿ ನಿಂತ ಹೆಣ್ಣಿಗೆ, ಅವನ ಎದುರಾಳಿಗೆ, ಕೊನೆಗೆ ಅವನನ್ನೇ ನಂಬಿದ ಹುಡುಗರಿಗೆ.

ಚಿತ್ರದುರ್ಗ ಜಿಲ್ಲೆಯ ಮಟ್ಟಿಗಂತೂ ಇದು ದೂರದ ಮಾತಲ್ಲ. 2024ರ ಜೂನ್ 8ರಂದು ದುರ್ಗದ 33 ವರ್ಷದ ರೇಣುಕಾಸ್ವಾಮಿ ಎಂಬ ಯುವಕನನ್ನು ಕಾರಿನಲ್ಲಿ ಬೆಂಗಳೂರಿಗೆ ಕರೆದೊಯ್ದು, ರಾಜರಾಜೇಶ್ವರಿನಗರದ ಪಟ್ಟಣಗೆರೆಯ ಶೆಡ್ಡಿನಲ್ಲಿ ಹೊಡೆದು ಕೊಲ್ಲಲಾಯಿತು ಎಂಬುದು ಪೊಲೀಸರ ಆರೋಪ. ಮರುದಿನ ಸುಮನಹಳ್ಳಿಯ ರಾಜಕಾಲುವೆ ಬಳಿ ಶವ ಸಿಕ್ಕಿತು. ಜೂನ್ 11ರಂದು ನಟ ದರ್ಶನ್ ಅವರನ್ನು ಮೈಸೂರಿನಲ್ಲಿ ಬಂಧಿಸಿದರು. ದರ್ಶನ್ ಅವರ ಆಪ್ತೆ, ನಟಿ ಪವಿತ್ರಾ ಗೌಡ ಅವರಿಗೆ ರೇಣುಕಾಸ್ವಾಮಿ ಇನ್‌ಸ್ಟಾಗ್ರಾಂನಲ್ಲಿ ಅಶ್ಲೀಲ ಸಂದೇಶ ಕಳಿಸಿದ್ದೇ ಕೊಲೆಗೆ ಕಾರಣ ಎಂದು ತನಿಖೆ ಹೇಳುತ್ತದೆ. ಒಟ್ಟು 17 ಆರೋಪಿಗಳು, 3,991 ಪುಟಗಳ ಆರೋಪಪಟ್ಟಿ. ವಿಚಾರಣೆ ನಡೆದು ತೀರ್ಪು ಬರುವವರೆಗೆ ಯಾರನ್ನೂ ಅಪರಾಧಿ ಎನ್ನುವಂತಿಲ್ಲ, ಈ ಬರಹವೂ ಅನ್ನುವುದಿಲ್ಲ. ಆದರೆ ಆರೋಪಿಗಳ ಪಟ್ಟಿಯನ್ನು ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ದುರ್ಗದಿಂದ ಆ ಯುವಕನನ್ನು ಕರೆದೊಯ್ದ ಆರೋಪ ಹೊತ್ತವರಲ್ಲಿ ದರ್ಶನ್ ಅಭಿಮಾನಿ ಸಂಘದ ಜಿಲ್ಲಾ ಅಧ್ಯಕ್ಷನಿದ್ದ, ಅವನೊಂದಿಗೆ ಅದೇ ಊರಿನ ದುಡಿದು ತಿನ್ನುವ ಹುಡುಗರಿದ್ದರು. ಸತ್ತವನೂ ದರ್ಶನ್ ಅಭಿಮಾನಿಯೇ ಆಗಿದ್ದ ಎಂದು ವರದಿಗಳು ಹೇಳಿದವು. ಮಗ ಬಂಧನಕ್ಕೊಳಗಾದ ಸುದ್ದಿ ಕೇಳಿದ ಬೆನ್ನಲ್ಲೇ ಆರೋಪಿಯೊಬ್ಬನ ತಂದೆ ದುರ್ಗದಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಹೆಣ್ಣೊಬ್ಬಳಿಗೆ ಅಶ್ಲೀಲ ಸಂದೇಶ ಕಳಿಸುವುದು ಅಪರಾಧ. ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಿದೆ, ಸೈಬರ್ ಠಾಣೆಯಿದೆ. ಇದೇ ಪ್ರಕರಣದ ಮುಂದುವರಿಕೆಯಲ್ಲಿ ಆ ದಾರಿ ಹೇಗಿರುತ್ತದೆ ಎಂಬುದನ್ನು ಇನ್ನೊಬ್ಬ ನಟಿ ತೋರಿಸಿದರು. 2025ರ ಜುಲೈನಲ್ಲಿ ದರ್ಶನ್ ಜಾಮೀನಿನ ವಿಚಾರ ಸುಪ್ರೀಂ ಕೋರ್ಟಿನಲ್ಲಿದ್ದಾಗ ರಮ್ಯಾ, ರೇಣುಕಾಸ್ವಾಮಿ ಕುಟುಂಬಕ್ಕೆ ನ್ಯಾಯ ಸಿಗುವ ಭರವಸೆಯಿದೆ ಎಂಬರ್ಥದ ಮಾತನ್ನು ಜಾಲತಾಣದಲ್ಲಿ ಹಾಕಿದರು. ಅಷ್ಟಕ್ಕೇ ಅವರ ಖಾತೆಗೆ ಹೊಲಸು ಬೈಗುಳ, ಅತ್ಯಾಚಾರದ, ಕೊಲೆಯ ಬೆದರಿಕೆ ಹರಿದು ಬಂತು. ರೇಣುಕಾಸ್ವಾಮಿ ಕಳಿಸಿದ್ದನೆಂದು ಯಾವ ಬಗೆಯ ಸಂದೇಶಕ್ಕೆ ಸಿಟ್ಟು ಬಂದಿತ್ತೋ ಅದೇ ಬಗೆಯದು, ಅದಕ್ಕಿಂತ ಹೀನವಾದದ್ದು, ಅದೇ ನಟನ ಹೆಸರಿನಲ್ಲಿ ಇನ್ನೊಬ್ಬ ಹೆಣ್ಣಿಗೆ ಹೋಯಿತು! ರಮ್ಯಾ ಶೆಡ್ಡು ಹುಡುಕಲಿಲ್ಲ, ಹುಡುಗರನ್ನು ಕರೆಸಲಿಲ್ಲ. ಜುಲೈ 28ರಂದು 43 ಖಾತೆಗಳ ಪಟ್ಟಿ ಹಿಡಿದು ಬೆಂಗಳೂರು ಪೊಲೀಸ್ ಆಯುಕ್ತರ ಕಚೇರಿಗೆ ಹೋಗಿ ದೂರು ಕೊಟ್ಟರು. ಕೆಲವರ ಬಂಧನವಾಯಿತು. ಕನ್ನಡ ಚಿತ್ರರಂಗದ ಗಂಡಸರು ಇಷ್ಟು ಹೊತ್ತಿಗೆ ಅವರ ಜೊತೆ ಒಕ್ಕೊರಲಿನಿಂದ ನಿಲ್ಲಬೇಕಿತ್ತು. ನಿಂತವರು ಬೆರಳೆಣಿಕೆಯವರು. ಶಿವರಾಜ್‌ಕುಮಾರ್ ದಂಪತಿ ಬಹಿರಂಗವಾಗಿ ಬೆಂಬಲಿಸಿದ್ದು ಆ ದಿನಗಳಲ್ಲಿ ಎದ್ದು ಕಂಡದ್ದು ಉಳಿದವರು ಸುಮ್ಮನಿದ್ದುದರಿಂದಲೇ.

ಜೈಲಿಗೆ ಹೋದ ನಟನಿಗೆ ಏನಾಯಿತು? ಪರಪ್ಪನ ಅಗ್ರಹಾರದಲ್ಲಿ ಅವರಿಗೆ ಸಿಕ್ಕ ವಿಚಾರಣಾಧೀನ ಕೈದಿ ಸಂಖ್ಯೆ 6106 ಸ್ಟಿಕ್ಕರ್ ಆಗಿ ಆಟೊ, ಬೈಕುಗಳ ಮೇಲೆ ಬಂತು. ಹಚ್ಚೆ ಹಾಕಿಸಿಕೊಂಡವರೂ ಉಂಟು. ಒಂದು ಮನೆಯವರು ಹಸುಗೂಸಿಗೆ ಬಿಳಿಯ ಕೈದಿ ಬಟ್ಟೆ ತೊಡಿಸಿ, ಆ ಸಂಖ್ಯೆ ಬರೆಸಿ ಫೋಟೊ ತೆಗೆಸಿದರು. ಮಕ್ಕಳ ಹಕ್ಕುಗಳ ಆಯೋಗ ಮಧ್ಯೆ ಬರಬೇಕಾಯಿತು. ಒಂದು ಕೊಲೆ ಪ್ರಕರಣದ ಕೈದಿ ಸಂಖ್ಯೆ ತೊಟ್ಟಿಲಿನವರೆಗೂ ಬಂದದ್ದು ಈ ನಾಡಿಗೆ ಸಣ್ಣ ಸಂಕಟವಲ್ಲ. ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಸಿಗರೇಟು ಹಿಡಿದು, ರೌಡಿಶೀಟರ್ ಜೊತೆ ಕುಳಿತ ಚಿತ್ರ ಹೊರಬಿದ್ದ ಮೇಲೆ 2024ರ ಆಗಸ್ಟ್ ಕೊನೆಯಲ್ಲಿ ದರ್ಶನ್ ಅವರನ್ನು ಬಳ್ಳಾರಿ ಜೈಲಿಗೆ ಕಳಿಸಿದರು. ಮೊಳಕಾಲ್ಮುರು ತಾಲ್ಲೂಕಿನ ರಾಂಪುರದಿಂದ ಬಳ್ಳಾರಿ ಒಂದು ಬಸ್ಸಿನ ದಾರಿ. ಜೈಲಿನ ಗೇಟಿನ ಮುಂದೆ ಕಾದು ನಿಂತ ಗುಂಪುಗಳನ್ನು ವಾಹಿನಿಗಳು ದಿನಗಟ್ಟಲೆ ತೋರಿಸಿದವು.

ಇದು ಮೊದಲ ಸಲವಾಗಿದ್ದರೆ ದಿಗ್ಭ್ರಮೆ ಎನ್ನಬಹುದಿತ್ತು. 2011ರ ಸೆಪ್ಟೆಂಬರ್ ನೆನಪಿರುವವರಿಗೆ ಅದು ದಿಗ್ಭ್ರಮೆಯಲ್ಲ, ರೂಢಿ. ಆ ತಿಂಗಳು ಪತ್ನಿಯ ಮೇಲೆ ಹಲ್ಲೆ ಮಾಡಿದ ಆರೋಪದಲ್ಲಿ ದರ್ಶನ್ ಬಂಧನವಾಯಿತು. ಪತ್ನಿ ಆಸ್ಪತ್ರೆ ಸೇರಿದ್ದರು. ಆಗ ಕರ್ನಾಟಕ ಚಲನಚಿತ್ರ ನಿರ್ಮಾಪಕರ ಸಂಘ ಒಂದು ನಿರ್ಣಯ ಕೈಗೊಂಡಿತು. ಮೂರು ವರ್ಷ ಕನ್ನಡ ಚಿತ್ರಗಳಲ್ಲಿ ನಟಿಸದಂತೆ ನಿಷೇಧ. ಯಾರಿಗೆ? ಹಲ್ಲೆಯ ಆರೋಪ ಹೊತ್ತು ಒಳಗಿದ್ದ ನಟನಿಗಲ್ಲ. ಆ ಸಂಸಾರದ ಜಗಳಕ್ಕೆ ಕಾರಣವೆಂದು ಹೆಸರು ತಳುಕು ಹಾಕಿಕೊಂಡ ನಟಿ ನಿಖಿತಾ ಅವರಿಗೆ. ಆಕೆಯನ್ನು ಕರೆದು ಕೇಳಿದ್ದಿಲ್ಲ, ವಿಚಾರಣೆ ನಡೆಸಿದ್ದಿಲ್ಲ. ನಾಡಿನ ಉದ್ದಗಲಕ್ಕೂ ಛೀಮಾರಿ ಬಿದ್ದ ಮೇಲೆ ಸಂಘ ನಿಷೇಧವನ್ನು ಹಿಂತೆಗೆದುಕೊಂಡಿತು. ಅದೇ ಸೆಪ್ಟೆಂಬರ್ 30ರಂದು, ನಾಯಕ ಇನ್ನೂ ಜೈಲಿನಲ್ಲಿರುವಾಗಲೇ, ‘ಸಾರಥಿ’ ಬಿಡುಗಡೆಯಾಯಿತು. ಚಿತ್ರಮಂದಿರಗಳ ಮುಂದೆ ಜನಜಾತ್ರೆ. ಆ ವರ್ಷದ ದೊಡ್ಡ ಗೆಲುವುಗಳಲ್ಲಿ ಅದೂ ಒಂದು.

ಈ ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕಟ್ಟೆಮನೆಯ ಯಜಮಾನರು ಎಷ್ಟೇ ಕಠಿಣರಾಗಿರಲಿ, ದಂಡ ವಸೂಲಿ ಮಾಡುವ ಮುನ್ನ ಆರೋಪ ಹೊತ್ತವರನ್ನು ಎದುರಿಗೆ ಕೂರಿಸಿ ಕೇಳಬೇಕಿತ್ತು. ಚಿತ್ರೋದ್ಯಮದ ನೆಲೆಯಾದ ಗಾಂಧಿನಗರದ ಕಟ್ಟೆಯಲ್ಲಿ ಅದೂ ಬೇಕಾಗಲಿಲ್ಲ. 2018ರ ಅಕ್ಟೋಬರಿನಲ್ಲಿ ನಟಿ ಶ್ರುತಿ ಹರಿಹರನ್ ನಟ ಅರ್ಜುನ್ ಸರ್ಜಾ ಅವರ ಮೇಲೆ ಅನುಚಿತ ವರ್ತನೆಯ ಆರೋಪ ಮಾಡಿದಾಗಲೂ ಹೀಗೇ. ಅರ್ಜುನ್ ಆರೋಪ ನಿರಾಕರಿಸಿದರು, ಪೊಲೀಸರು ಸಾಕ್ಷ್ಯ ಸಾಲದೆಂದು ಬಿ ರಿಪೋರ್ಟ್ ಹಾಕಿದರು.  ಆದರೆ ದೂರು ಕೊಟ್ಟ ಬಳಿಕ ಅವಕಾಶಗಳು ಕೈತಪ್ಪಿದ್ದು ತನಗೇ ಎಂದು ಆಕೆ ಹೇಳಿಕೊಂಡಿದ್ದಾರೆ.

ತಮಿಳುನಾಡಿನ ನಟಿ ಖುಷ್ಬೂ ಕತೆ ಇನ್ನೂ ನಿಚ್ಚಳ. ತಿರುಚ್ಚಿಯಲ್ಲಿ ಅಭಿಮಾನಿಗಳು ಅವರಿಗೆ ಗುಡಿಯನ್ನೇ ಕಟ್ಟಿದ್ದರು. 2005ರಲ್ಲಿ ವಿವಾಹಪೂರ್ವ ಸಂಬಂಧದ ಬಗ್ಗೆ ಪತ್ರಿಕೆಯೊಂದಕ್ಕೆ ನಾಲ್ಕು ಮಾತು ಹೇಳಿದ್ದಕ್ಕೆ ಅದೇ ರಾಜ್ಯ ಅವರ ವಿರುದ್ಧ ಪೊರಕೆ ಎತ್ತಿತು. ಊರೂರಲ್ಲಿ ದಾಖಲಾದ ಕ್ರಿಮಿನಲ್ ಮೊಕದ್ದಮೆಗಳನ್ನು ಸುಪ್ರೀಂ ಕೋರ್ಟ್ 2010ರ ಏಪ್ರಿಲಿನಲ್ಲಿ ರದ್ದು ಮಾಡಬೇಕಾಯಿತು. ಅದು ಬರೇ ಅಭಿಪ್ರಾಯ, ಯಾರ ಮೈಮೇಲೂ ಕೈ ಬಿದ್ದಿರಲಿಲ್ಲ.

ಅಭಿಮಾನದ ಹೆಸರಿನ ಈ ಬಹಿಷ್ಕಾರ ಮೊಬೈಲಿನಿಂದ ಹುಟ್ಟಿತು ಅನ್ನುವುದೂ ಸರಿಯಲ್ಲ. ಅದರ ಹಳೆಯ ಉದಾಹರಣೆಯೊಂದರ ಬೇರು ಚಳ್ಳಕೆರೆ ತಾಲ್ಲೂಕಿನವರೆಗೂ ಬರುತ್ತದೆ. ತಳುಕಿನ ಮನೆತನದ ತ.ರಾ.ಸುಬ್ಬರಾಯರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ದುರ್ಗದ ಕೋಟೆಯಲ್ಲೇ ಚಿತ್ರೀಕರಿಸಿದ ‘ನಾಗರಹಾವು’ 1972ರ ಡಿಸೆಂಬರಿನಲ್ಲಿ ತೆರೆಗೆ ಬಂತು. ರಾಮಾಚಾರಿಯ ಪಾತ್ರ ವಿಷ್ಣುವರ್ಧನ್ ಅವರನ್ನು ಒಂದೇ ಏಟಿಗೆ ನಾಯಕನ ಪಟ್ಟಕ್ಕೇರಿಸಿತು. ಚಿತ್ರ ನೋಡಿದ ತರಾಸು ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ಬೇಸರಿಸಿದ್ದರೆಂಬ ಮಾತು ದುರ್ಗದಲ್ಲಿ ಇವತ್ತಿಗೂ ಓಡಾಡುತ್ತದೆ. ಗುರುವಿಗೂ ಊರಿಗೂ ಬಗ್ಗದೆ, ಕೊನೆಗೆ ತನ್ನನ್ನೇ ಸುಟ್ಟುಕೊಳ್ಳುವ ಹುಡುಗನೊಬ್ಬನನ್ನು ಲೇಖಕ ಕನಿಕರದಿಂದಲೂ ಕಾಠಿಣ್ಯದಿಂದಲೂ ಬರೆದಿದ್ದರು. ಪ್ರೇಕ್ಷಕರಿಗೆ ಅವನು ಹೀರೊ ಆದ. ಕತೆ ಬರೆದವನ ಎಚ್ಚರವನ್ನು ಬದಿಗೆ ಸರಿಸಿ ಸಿಟ್ಟನ್ನಷ್ಟೇ ಎತ್ತಿಕೊಳ್ಳುವುದು ಆಗಲೇ ಶುರುವಾಗಿತ್ತು ಎನಿಸುತ್ತದೆ.

ಮುಂದಿನ ವರ್ಷವೇ ‘ಗಂಧದ ಗುಡಿ’. ರಾಜ್‌ಕುಮಾರ್ ನಾಯಕ, ವಿಷ್ಣುವರ್ಧನ್ ಎದುರಾಳಿ. ಚಿತ್ರೀಕರಣದಲ್ಲಿ ಬಳಸಿದ ಬಂದೂಕಿನಲ್ಲಿ ನಿಜವಾದ ಗುಂಡಿತ್ತು, ವಿಷ್ಣುವರ್ಧನ್ ಬೇಕೆಂದೇ ರಾಜ್ ಮೇಲೆ ಹಾರಿಸಲು ನೋಡಿದರು ಎಂಬ ಪುಕಾರು ಎದ್ದಿತು. ಪುಕಾರಿಗೆ ಆಧಾರ ಬೇಕಿರಲಿಲ್ಲ. ವಾಟ್ಸ್ಆ್ಯಪ್ ಇಲ್ಲದ ಕಾಲದಲ್ಲೂ ಅದು ಟೆಂಟ್ ಸಿನಿಮಾಗಳ ಮೂಲಕ ಹಳ್ಳಿಹಳ್ಳಿ ತಲುಪಿತು. ಒಬ್ಬ ಹೊಸ ನಟ ವರ್ಷಗಟ್ಟಲೆ ಅಭಿಮಾನಿಗಳ ಕಿರುಕುಳ ಉಂಡರು, ಕೆಲಕಾಲ ಮದರಾಸಿಗೆ ಹೋಗಿ ನೆಲೆಸಿದರು. ಆ ಇಬ್ಬರು ಮತ್ತೆಂದೂ ಒಂದೇ ಚಿತ್ರದಲ್ಲಿ ನಟಿಸಲಿಲ್ಲ. ಕನ್ನಡ ಸಿನಿಮಾ ಕಳೆದುಕೊಂಡ ಆ ಜೋಡಿಯ ಲೆಕ್ಕವನ್ನು ಯಾವ ಅಭಿಮಾನಿ ಸಂಘವೂ ಇಟ್ಟಿಲ್ಲ. 

ನಾಯಕನಿಗೇಕೆ ಪೆಟ್ಟು ಬೀಳುವುದಿಲ್ಲ ಎಂಬುದಕ್ಕೆ ಭಾವುಕತೆಯೊಂದೇ ಉತ್ತರವಲ್ಲ, ದುಡ್ಡಿನ ಲೆಕ್ಕವೂ ಇದೆ. ಸ್ಟಾರ್ ಒಬ್ಬನ ಮೇಲೆ ನಿರ್ಮಾಪಕ ಹಾಕಿದ ಬಂಡವಾಳ ಮೊದಲ ಮೂರು ದಿನದಲ್ಲೇ ಎದ್ದು ಬರಬೇಕು. ಆ ಮೂರು ದಿನ ಥಿಯೇಟರ್ ತುಂಬಿಸುವವರು ಅಭಿಮಾನಿ ಸಂಘದ ಹುಡುಗರು. ಹಿಂದಿನ ರಾತ್ರಿ ಕಟೌಟ್ ಏರಿಸಿ, ಆಳೆತ್ತರದ ಹೂವಿನ ಹಾರ ಹಾಕಿ, ಬೆಳಗಿನ ಜಾವದ ಫ್ಯಾನ್ಸ್ ಶೋಗೆ ಟಿಕೆಟ್ ಹಂಚಿ, ಕೊಡಗಟ್ಟಲೆ ಹಾಲು ಸುರಿದು, ಪಟಾಕಿ ಹೊಡೆದು, ಮೊದಲ ವಿಡಿಯೊ ಹರಿಬಿಡುವ ತನಕ ದುಡಿಮೆ ಅವರದು. ಎಣ್ಣೆ ಗಿರಣಿಯಲ್ಲಿ ಮೂಟೆ ಹೊತ್ತವನೋ, ಮೊಳಕಾಲ್ಮುರಿನ ಮಗ್ಗದ ಮನೆಯವನೋ, ಗ್ಯಾರೇಜಿನ ಹುಡುಗನೋ ತನ್ನ ವಾರದ ಕೂಲಿಯಲ್ಲಿ ಪಾಲು ತೆಗೆದು ಚಂದಾ ಕೊಡುತ್ತಾನೆ. ಇಂಥ ಬಿಟ್ಟಿ ಪ್ರಚಾರ ಪಡೆ ಇನ್ನಾವ ಉದ್ಯಮಕ್ಕೆ ಸಿಕ್ಕೀತು? 2021ರಲ್ಲಿ ಮಾಧ್ಯಮದವರನ್ನು ನಿಂದಿಸಿದ ಆಡಿಯೊ ಹೊರಬಿದ್ದು ಕನ್ನಡ ವಾಹಿನಿಗಳು ದರ್ಶನ್ ಅವರನ್ನು ಎರಡು ವರ್ಷ ದೂರವಿಟ್ಟವು. ‘ಕ್ರಾಂತಿ’ ಚಿತ್ರದ ಪ್ರಚಾರವನ್ನು ಆಗ ಅಭಿಮಾನಿಗಳೇ ಬೀದಿಗಿಳಿದು ಮಾಡಿದರು. ವಾಹಿನಿಗಳ ಬಹಿಷ್ಕಾರವೂ 2023ರ ಆಗಸ್ಟಿನಲ್ಲಿ ಮುಗಿಯಿತು.

ದೇವರ ಎತ್ತಿನ ಮೇಲೆ ನೊಗ ಇಡದಿರುವುದು ಒಂದು ಸಮುದಾಯ ಕೂಡಿ ಹೊತ್ತ ಹರಕೆ, ಅದರ ಭಾರವನ್ನು ಊರೆಲ್ಲ ಹಂಚಿಕೊಳ್ಳುತ್ತದೆ. ನಟನ ಮೇಲೆ ನೊಗ ಬೀಳದಂತೆ ನೋಡಿಕೊಳ್ಳುವ ಭಾರ ಮಾತ್ರ ಈ ಹುಡುಗರದೊಂದೇ.

ಅವರು ತೆರುವ ಬೆಲೆಗೆ ಉದಾಹರಣೆ ದೂರದಲ್ಲಿಲ್ಲ. 2024ರ ಜನವರಿ 8, ನಟ ಯಶ್ ಹುಟ್ಟುಹಬ್ಬ. ಗದಗ ಜಿಲ್ಲೆಯ ಸೂರಣಗಿಯಲ್ಲಿ ನಡುರಾತ್ರಿ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಯುವಕರು ವಿದ್ಯುತ್ ತಂತಿ ತಗುಲಿ ಸತ್ತರು. ಯಶ್ ಆ ಊರಿಗೆ ಹೋಗಿ, ಇಂಥ ಅಭಿಮಾನ ತನಗೆ ಬೇಡವೆಂದು ನೊಂದು ನುಡಿದರು. 2006ರ ಏಪ್ರಿಲಿನಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ನಡೆದ ಗಲಭೆಯಲ್ಲಿ ಪೊಲೀಸ್ ಪೇದೆಯೊಬ್ಬರೂ ಸೇರಿ ಎಂಟು ಜನ ಪ್ರಾಣ ಬಿಟ್ಟರು. ಅಭಿಮಾನಿಗಳನ್ನೇ ದೇವರೆಂದು ಕರೆದ ನಟನ ಅಂತಿಮಯಾತ್ರೆ ಅಷ್ಟು ಹೆಣಗಳ ನಡುವೆ ಸಾಗಿತು. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವ ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿಗೆ ಸಿಕ್ಕ 11 ಮಂದಿ ಮನೆಗೆ ಮರಳಲಿಲ್ಲ.

ಹೊರಗಿನವರ ಮೇಲೆ ಬಹಿಷ್ಕಾರ ಹೂಡುವುದು ಇದಕ್ಕಿಂತ ಸುಲಭ. ಕನ್ನಡ ತಮಿಳಿನಿಂದ ಹುಟ್ಟಿತೆಂದ ಕಮಲ್ ಹಾಸನ್ ಅವರ ‘ಥಗ್ ಲೈಫ್’ 2025ರ ಜೂನ್‌ನಲ್ಲಿ ಕರ್ನಾಟಕದಲ್ಲಿ ತೆರೆ ಕಾಣಲಿಲ್ಲ. ಕ್ಷಮೆ ಕೇಳದ ಅವರ ಹಟವನ್ನು ಖಂಡಿಸಲು ಕನ್ನಡಿಗರಿಗೆ ಪೂರ್ತಿ ಹಕ್ಕಿದೆ. ಆದರೆ ಗುಂಪಿನ ಬೆದರಿಕೆಗೆ ಮಣಿದು ಚಿತ್ರ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ರಾಜ್ಯಕ್ಕೆ ಹೇಳಬೇಕಾಗಿ ಬಂದದ್ದು ಒಳ್ಳೆಯ ಲಕ್ಷಣವಲ್ಲ.

ರಾಜಕಾರಣದಲ್ಲಿ ಆರಾಧನೆ, ಬಹಿಷ್ಕಾರಗಳ ಓಟ ಇನ್ನೂ ಬಿರುಸು. ಮೊಳಕಾಲ್ಮುರು ಕ್ಷೇತ್ರ ಅದನ್ನು ಹತ್ತೇ ವರ್ಷದಲ್ಲಿ ಪೂರ್ತಿ ಸುತ್ತಿ ನೋಡಿದೆ. 2013ರಲ್ಲಿ ಎಸ್.ತಿಪ್ಪೇಸ್ವಾಮಿ ಗೆದ್ದದ್ದು ಬಿ.ಶ್ರೀರಾಮುಲು ಕಟ್ಟಿದ ಬಿಎಸ್‌ಆರ್ ಕಾಂಗ್ರೆಸ್ಸಿನಿಂದ. 2018ರಲ್ಲಿ ಬಿಜೆಪಿ ತಿಪ್ಪೇಸ್ವಾಮಿಯವರಿಗೆ ಟಿಕೆಟ್ ತಪ್ಪಿಸಿ ಶ್ರೀರಾಮುಲು ಅವರನ್ನೇ ಕಣಕ್ಕಿಳಿಸಿತು. ನಾಯಕನಹಟ್ಟಿಯಲ್ಲಿ ತಿಪ್ಪೇಸ್ವಾಮಿ ಬೆಂಬಲಿಗರು ಶ್ರೀರಾಮುಲು ವಾಹನದ ಮೇಲೆ ಕಲ್ಲು ತೂರಿದರು. ಕೆಲವೇ ವಾರಗಳಲ್ಲಿ ಅದೇ ಕ್ಷೇತ್ರ ಶ್ರೀರಾಮುಲು ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿತು. 2023ಕ್ಕೆ ಅವರು ಬಳ್ಳಾರಿ ಗ್ರಾಮಾಂತರಕ್ಕೆ ಹೋಗಿ ಸೋತರು. ಮೊಳಕಾಲ್ಮುರಿನ ಬಿಜೆಪಿ ಟಿಕೆಟ್ ಮತ್ತೆ ತಿಪ್ಪೇಸ್ವಾಮಿಯವರಿಗೇ ಬಂತು. ಗೆದ್ದವರು ಕಾಂಗ್ರೆಸ್ಸಿನ ಎನ್.ವೈ.ಗೋಪಾಲಕೃಷ್ಣ. ನಾಯಕರಿಗೆ ಮರಳಿ ಬರುವ ದಾರಿ ಸದಾ ತೆರೆದಿತ್ತು. ಅವರ ಪರವಾಗಿ ಕಲ್ಲು ಎತ್ತಿಕೊಂಡವರು ಠಾಣೆ, ಕೋರ್ಟು ಅಲೆಯುವ ಭಯ ಹೊತ್ತು ಮನೆಗೆ ಹೋದರು.

ತಪ್ಪಿತಸ್ಥನಿಗೆ ಮರಳುವ ದಾರಿಯೇ ಇರಬಾರದು ಎಂದು ಇದರ ಅರ್ಥವಲ್ಲ. ದಾರಿ ಇರಬೇಕು, ಎಲ್ಲರಿಗೂ ಇರಬೇಕು. ಸಂಗೀತ ನಿರ್ದೇಶಕ ಹಂಸಲೇಖ 2021ರ ನವೆಂಬರಿನಲ್ಲಿ ಪೇಜಾವರ ಶ್ರೀಗಳ ಬಗ್ಗೆ ಆಡಿದ ಮಾತಿಗೆ ನಾಡಿನಾದ್ಯಂತ ಸಿಟ್ಟೆದ್ದಿತು. ಅವರು ಕ್ಷಮೆ ಕೇಳಿದರು, ಪೊಲೀಸ್ ಠಾಣೆಗೂ ಹೋಗಿ ಬಂದರು. ಎರಡು ವರ್ಷ ತುಂಬುವ ಮುನ್ನ, 2023ರ ಅಕ್ಟೋಬರಿನಲ್ಲಿ, ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಮಾತಿನ ತಪ್ಪಿಗೆ ಮಾತಿನ ಕ್ಷಮೆ, ಆಮೇಲೆ ಕೆಲಸಕ್ಕೆ ಗೌರವ. ಇದು ಆರೋಗ್ಯವಂತ ಸಮಾಜದ ನಡೆ. ಇಂಥದೇ ದಾರಿ 2011ರಲ್ಲಿ ನಿಖಿತಾ ಅವರಿಗೆ ಕಾಣಲಿಲ್ಲ, ಏಕೆಂದರೆ ಅವರ ತಪ್ಪೇನೆಂಬುದನ್ನು ಯಾರೂ ಹೇಳಿರಲಿಲ್ಲ.

ಅಭಿಮಾನವನ್ನು ಹುಚ್ಚೆಂದು ಕರೆದು ಕೈತೊಳೆದುಕೊಳ್ಳುವುದೂ ಅನ್ಯಾಯ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅವರ ತಂದೆಯೂ ನೇತ್ರದಾನ ಮಾಡಿದ್ದರು. ಆ ಬಳಿಕ ನೇತ್ರದಾನಕ್ಕೆ ಹೆಸರು ಬರೆಸಲು ನಾಡಿನ ಹಳ್ಳಿಗಳಿಂದ ಜನ ಸಾಲುಗಟ್ಟಿದರು. ರಕ್ತದಾನ ಶಿಬಿರ ನಡೆಸುವ, ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ಹುಡುಗರೂ ಇದೇ ಅಭಿಮಾನಿ ಸಂಘಗಳವರು. ಮಳೆ ಕಡಿಮೆಯ, ಕೆಲಸವೂ ಕಡಿಮೆಯ ಈ ತಾಲ್ಲೂಕುಗಳಲ್ಲಿ ಸಂಘದ ಅಧ್ಯಕ್ಷಗಿರಿ ಒಬ್ಬ ಬಡ ಹುಡುಗನಿಗೆ ಸಿಗುವ ಏಕೈಕ ಪದವಿಯಾಗಿರಬಹುದು. ಬ್ಯಾನರಿನ ಮೂಲೆಯಲ್ಲಿ ಅಚ್ಚಾಗುವ ಅವನ ಅಂಚೆಚೀಟಿಯಷ್ಟು ಫೋಟೊ, ಹೆಸರಿನ ಮುಂದೆ ‘ಜಿಲ್ಲಾಧ್ಯಕ್ಷರು’ ಎಂಬ ಒಕ್ಕಣೆ, ಬೆಂಗಳೂರಿನಿಂದ ಬರುವ ಒಂದು ಫೋನ್ ಕರೆ. ಇಷ್ಟರಲ್ಲಿ ಅವನಿಗೆ ಊರಿನಲ್ಲಿ ಒಂದು ತೂಕ ಬರುತ್ತದೆ. ಆ ತೂಕವನ್ನು ಕೊಟ್ಟವರು ಕರೆದಾಗ ಇಲ್ಲವೆನ್ನುವುದು ಎಷ್ಟು ಕಷ್ಟ ಎಂಬುದನ್ನು ಅರಿಯದೆ ಅವನನ್ನು ಬರೇ ಗೂಂಡಾ ಎಂದರೆ ಅರ್ಧ ಸತ್ಯವಾದೀತು.

ಪೂರ್ತಿ ಸತ್ಯ ಕೋರ್ಟಿನ ಕಡತಗಳಲ್ಲಿದೆ. ರೇಣುಕಾಸ್ವಾಮಿ ಪ್ರಕರಣದಲ್ಲಿ 2024ರ ಸೆಪ್ಟೆಂಬರಿನಲ್ಲಿ ಮೊದಲು ಜಾಮೀನು ಪಡೆದ ಮೂವರು ಸಣ್ಣ ಆರೋಪಿಗಳು ಜಾಮೀನುದಾರರು ಸಿಗದೆ ದಿನಗಟ್ಟಲೆ ತುಮಕೂರು ಜೈಲಿನಲ್ಲೇ ಉಳಿದರು. ಪಹಣಿ ಹಿಡಿದು ಬಂದು ಸಹಿ ಹಾಕುವವರೊಬ್ಬರು ಬೇಕಿತ್ತು. ಡಿಸೆಂಬರ್ 13ರಂದು ಹೈಕೋರ್ಟು ದರ್ಶನ್ ಸೇರಿ ಏಳು ಮಂದಿಗೆ ಜಾಮೀನು ಕೊಟ್ಟಿತು. 2025ರ ಆಗಸ್ಟ್ 14ರಂದು ನ್ಯಾಯಮೂರ್ತಿಗಳಾದ ಜೆ.ಬಿ.ಪಾರ್ದೀವಾಲಾ ಮತ್ತು ಆರ್.ಮಹದೇವನ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಆ ಏಳೂ ಜಾಮೀನುಗಳನ್ನು ರದ್ದು ಮಾಡಿತು. ಆರೋಪಿ ಎಷ್ಟೇ ಜನಪ್ರಿಯನಾಗಿರಲಿ, ಕಾನೂನಿನ ಮುಂದೆ ಎಲ್ಲರಂತೆಯೇ ಎಂದಿತು, ಜೈಲಿನಲ್ಲಿ ವಿಶೇಷ ಸವಲತ್ತು ಕೊಟ್ಟರೆ ಅಧಿಕಾರಿಗಳ ಮೇಲೆ ಕ್ರಮವಾಗುತ್ತದೆಂದೂ ಎಚ್ಚರಿಸಿತು. ಆ ಏಳು ಜನರಲ್ಲಿ ಚಿತ್ರದುರ್ಗದ ಇಬ್ಬರು ಯುವಕರಿದ್ದರು. ಅವರೂ ಮತ್ತೆ ಒಳಗೆ ಹೋದರು. ಡಿಸೆಂಬರ್ 11ರಂದು ದರ್ಶನ್ ಅವರ ‘ದಿ ಡೆವಿಲ್’ ತೆರೆಗೆ ಬಂದಾಗ ನಾಯಕ ಜೈಲಿನಲ್ಲಿದ್ದರು, ಹೊರಗೆ ಕಟೌಟ್‌ಗಳು ಎದ್ದಿದ್ದವು. 2011ರ ‘ಸಾರಥಿ’ಯ ದೃಶ್ಯವೇ ಹದಿನಾಲ್ಕು ವರ್ಷದ ಬಳಿಕ ಮತ್ತೆ ನಡೆಯಿತು.

ಚಿತ್ರರಂಗದ ಹಿರಿಯರು, ನಿರ್ಮಾಪಕರ ಸಂಘ, ವಾಣಿಜ್ಯ ಮಂಡಳಿ ಒಂದು ಕೆಲಸವನ್ನು ಈಗಲೇ ಮಾಡಬಹುದು. ನಟನ ಹೆಸರಿನಲ್ಲಿ ನಡೆಯುವ ಪ್ರತಿ ಸಂಘಕ್ಕೂ ನಟನನ್ನೇ ಹೊಣೆ ಮಾಡಬೇಕು. ಪದಾಧಿಕಾರಿ ಯಾರು, ಚಂದಾ ಎಲ್ಲಿಂದ ಬರುತ್ತದೆ, ಮಹಿಳೆಯರಿಗೆ ಬೆದರಿಕೆ ಹಾಕಿದವನನ್ನು ಸಂಘದಿಂದ ತೆಗೆದಿದ್ದಾರೆಯೇ ಎಂಬುದನ್ನು ಬಹಿರಂಗಪಡಿಸಬೇಕು. ಕಟೌಟ್ ಕಟ್ಟಲು ಹೋಗಿ ಸತ್ತವನ ಮನೆಗೆ ಪರಿಹಾರ ಕೊಡುವ ಹೊಣೆ ಚಿತ್ರದ ನಿರ್ಮಾಪಕನದಾಗಬೇಕು, ಏಕೆಂದರೆ ಆ ಕಟೌಟ್ ಅವನ ಸರಕಿನ ಜಾಹೀರಾತು. ಇದಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಒಬ್ಬ ನಟಿಯನ್ನು ಮೂರು ವರ್ಷ ದೂರವಿಡಲು ಒಂದೇ ಸಭೆಯಲ್ಲಿ ನಿರ್ಣಯ ಮಾಡಿದ ಚಿತ್ರರಂಗಕ್ಕೆ ಈ ನಿರ್ಣಯ ಕೈಗೊಳ್ಳಲು ಇನ್ನೊಂದು ಸಭೆ ಸಾಕು.